ಹರಿಯುವಂಥದ್ದು ಇದ್ದರೆ ತೋರಿಸಿ

ಬಟ್ಟೆ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗುವುದೆಂದರೆ ಮನೆಮಂದಿಗೆಲ್ಲ ಸಂಕಟ. ಅವರದೇನೂ ತಪ್ಪಿಲ್ಲ ಬಿಡಿ. ಹೋದ ತಿಂಗಳು ಮೊಮ್ಮಗಳು ಚೈತ್ರಳಿಗೆ ಚೂಡಿದಾರ ತೆಗೆಯಲು ಕುಶಾಲನಗರಕ್ಕೆ ಹೋಗಿದ್ದೆವು. ಅಂಗಡಿಯ ಯಜಮಾನರು ಒಂದು ವೇಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ತೋರಿಸಿದರು.

“ನೀವೇ ಎಳೆದು ನೋಡಿ ಅಮ್ಮ. ಬಣ್ಣ ಹೋದ್ರೂ ಬಟ್ಟೆ ಹರಿಯಲ್ಲ.”

ನಾನು ಎಳೆದು ನೋಡಿದೆ. ನಿಜ, ಹರಿಯಲಿಲ್ಲ. ಮಡಚಿ ಆಚೆಗಿಟ್ಟೆ.

“ಹರಿಯುವಂಥದ್ದು ಇದ್ರೆ ತೋರ್ಸಿ” ಎಂದೆ.

ಯಜಮಾನರು ಚೈತ್ರಳ ಮುಖ ನೋಡಿದರು. ಚೈತ್ರ ಗೋಡೆಯ ಮೇಲಿನ ಗಡಿಯಾರ ನೋಡಿದಳು. ಆಮೇಲೆ ಮೆಲ್ಲಗೆ, “ಅಜ್ಜಿಗೆ ಸ್ವಲ್ಪ ಕಿವಿ ಮಂದ, ಅಂಕಲ್” ಎಂದಳು. ನನ್ನ ಕಿವಿಗೆ ಏನೂ ಆಗಿಲ್ಲ. ನಮ್ಮ ರಸ್ತೆಯ ತಿರುವಿನಲ್ಲಿ ಅವಳ ಸ್ಕೂಟರ್ ತಿರುಗಿದರೆ ಅಡುಗೆಮನೆಯಲ್ಲಿ ಕುಳಿತೇ ಹೇಳಬಲ್ಲೆ. ದೇವರು ಕಣ್ಣಿನಲ್ಲಿ ಕಡಿಮೆ ಮಾಡಿದ್ದನ್ನು ಕಿವಿಯಲ್ಲಿ ತುಂಬಿಕೊಟ್ಟಿದ್ದಾನೆ. ದಿನವೂ ನೆನೆಯುವ ಉಪಕಾರಗಳಲ್ಲಿ ಅದೂ ಒಂದು.

ಈ ಸ್ಕೂಟರೇ ಈಗ ನನ್ನ ಹೊಟ್ಟೆಯೊಳಗಿನ ಕಲ್ಲು. ಚೈತ್ರ ಕುಶಾಲನಗರದ ಕಾಲೇಜಿಗೆ ಇಷ್ಟು ದಿನ ಬಸ್ಸಿನಲ್ಲಿ ಹೋಗುತ್ತಿದ್ದಳು. ಮಗ ಸ್ಕೂಟರ್ ತಂದುಕೊಟ್ಟ ಮೇಲೆ ಬೆಳಿಗ್ಗೆ ಅವಳು ಗೇಟು ದಾಟುವಾಗ ಕುತ್ತಿಗೆಯಿಂದ ವೇಲು ಹಿಂದಕ್ಕೆ ಹಾರುತ್ತದೆ. ಅದರ ತುದಿ ಹಿಂದಿನ ಚಕ್ರದ ಪಕ್ಕದಲ್ಲೇ ಆಡುತ್ತಿರುತ್ತದೆ. ನೋಡುವವರಿಗೆ ಚೆಂದ. ನಾನು ಮಾತ್ರ ಕಣ್ಣು ಮುಚ್ಚಿ ಅಮ್ಮಾ ಕಾವೇರಿ ಎನ್ನುತ್ತೇನೆ. ವೇಲು ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೆದರಿಕೆಯಲ್ಲಿ ನಾನು ಪಳಗಿದವಳು. ಕುಕ್ಕರ್ ಕೂಗುವ ಮೊದಲು ಬುಸ್ ಎನ್ನುತ್ತದಲ್ಲ, ಆಗ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಗೀಸರಿನ ಕೆಂಪು ದೀಪ ಕಂಡರೆ ನೀರೇ ಬೇಡ ಅನಿಸುತ್ತದೆ. ಮಿಕ್ಸಿ ತಿರುಗಿಸುವ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿದು, ಬಳೆಗಳನ್ನು ಮೇಲೆ ಸರಿಸಿ, ಅದಕ್ಕೊಂದು ನಮಸ್ಕಾರ ಹಾಕಿ, ಆಮೇಲೆ ಒಂದೇ ಬೆರಳಿನಿಂದ ಸ್ವಿಚ್ ಒತ್ತುತ್ತೇನೆ. ಕಾಯಿ ಚಟ್ನಿಗೆ ಇಷ್ಟು ಭಕ್ತಿ ಯಾಕೆ ಎಂದು ಸೊಸೆ ನಗುತ್ತಾಳೆ. ನಗಲಿ. ಮಿಷನ್ ಸೊಟ್ಟಗೆ ಮಾಡಿದ ಬೆರಳನ್ನು ಅವಳು ಕಂಡಿಲ್ಲ.

ವಾಷಿಂಗ್ ಮಿಷನ್ನಿಗೆ ನಾನು ಹೀಗೆ ಕೈ ಮುಗಿಯುತ್ತಿದ್ದುದು ಒಂದು ದಿನ ನಮ್ಮ ಕೊಡ್ಲಿಪೇಟೆ ಮೇಷ್ಟ್ರ ಕಣ್ಣಿಗೆ ಬಿತ್ತು. ಅವರು ನಮ್ಮ ಪಕ್ಕದ ಮನೆಯವರು. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಪಾಠ ಕೇಳಲು ಮಕ್ಕಳಿಲ್ಲ ಎಂಬುದೇ ಈಗ ಅವರ ಕಷ್ಟ. ಹಾಗಾಗಿ ನಮ್ಮ ಮನೆಗೆ ಪೇಪರ್ ಓದಲು ಬಂದು, ಮಜ್ಜಿಗೆ ಕುಡಿದು, ಸಿಕ್ಕವರಿಗೆ ಪಾಠ ಮಾಡಿ ಹೋಗುತ್ತಾರೆ. ಆವತ್ತು ಸಿಕ್ಕವಳು ನಾನು.

“ನೀವು ಕೈ ಮುಗೀತೀರಲ್ಲ, ಆ ‘ಮಿಷನ್’ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತೇನಮ್ಮ?”

“ಮೈಸೂರಿಂದ” ಎಂದೆ. ಆ ಮಿಷನ್ ಮೈಸೂರಿನಿಂದಲೇ ಬಂದದ್ದು.

ಮೇಷ್ಟ್ರು ಸೋಲುವವರಲ್ಲ. ಅದು ಇಂಗ್ಲಿಷರ ಸ್ವಂತ ಮಾತಲ್ಲವಂತೆ. ಇಂಗ್ಲಿಷರಿಗೆ ಫ್ರೆಂಚರು ಕೊಟ್ಟದ್ದು, ಫ್ರೆಂಚರಿಗೆ ಲ್ಯಾಟಿನ್ನವರು, ಲ್ಯಾಟಿನ್ನವರಿಗೆ ಗ್ರೀಕರು. ಅಕ್ಕನ ಲಂಗ ತಂಗಿಗೆ, ತಂಗಿಯದು ಅವಳ ತಂಗಿಗೆ ಬರುತ್ತಿತ್ತಲ್ಲ ನಮ್ಮ ಮನೆಗಳಲ್ಲಿ, ಹಾಗೆ. ಗ್ರೀಕರ ಒಂದು ಸೀಮೆಯವರು ‘ಮೇಖನೇ’ ಎಂದರೆ ಇನ್ನೊಂದು ಸೀಮೆಯವರು ‘ಮಾಖನಾ’ ಎನ್ನುತ್ತಿದ್ದರಂತೆ. ನಮ್ಮಲ್ಲಿ ಹಾಸನದ ಕಡೆಯ ಮಾತೇ ಬೇರೆ, ಕೊಡಗಿನ ಅರೆಭಾಷೆಯೇ ಬೇರೆ ಇರುವ ಹಾಗೆ.

“ಹಾಗಾದ್ರೆ ಆಗಿನ ಕಾಲಕ್ಕೇ ಅವರತ್ರ ಮಿಷನ್ ಇತ್ತಾ?”

“ಮೊದಮೊದಲು ಆ ಮಾತಲ್ಲಿ ಕಬ್ಬಿಣವೂ ಇರ್ಲಿಲ್ಲ, ಚಕ್ರವೂ ಇರ್ಲಿಲ್ಲ ಕಣಮ್ಮ. ಉಪಾಯ ಅಂತ ಅರ್ಥ. ಕಷ್ಟದಲ್ಲಿ ಸಿಕ್ಕಿಕೊಂಡಾಗ ಪಾರಾಗೋಕೆ ಒಂದು ದಾರಿ ಬೇಕಲ್ಲ, ಅದು. ಆಮೇಲೆ ಕೋಟೆ ಒಡೆಯೋ ಸಾಧನಕ್ಕೂ ಅದೇ ಹೆಸರಾಯ್ತು. ಒಳಸಂಚಿಗೂ ಅದೇ ಮಾತು. ಒಳ್ಳೇದು ಮಾಡೋಕೆ ಹೂಡಿದ ಉಪಾಯ, ಕೆಟ್ಟದ್ದು ಮಾಡೋಕೆ ಹೂಡಿದ ಉಪಾಯ, ಎರಡಕ್ಕೂ ಒಂದೇ.”

ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ಗ್ರೀಕರ ನಾಟಕಗಳಲ್ಲಿ ಮನುಷ್ಯರು ಬಿಡಿಸಿಕೊಳ್ಳಲಾರದ ಗೋಜಲಿಗೆ ಬಿದ್ದಾಗ ದೇವರು ಮೇಲಿನಿಂದ ಇಳಿದು ಬರುತ್ತಿದ್ದನಂತೆ. ದೇವರ ವೇಷದವನನ್ನು ಹಗ್ಗಕ್ಕೆ ಕಟ್ಟಿ, ದೊಡ್ಡದೊಂದು ತೊಲೆಯ ತುದಿಯಿಂದ ರಾಟೆಯಲ್ಲಿ ಇಳಿಬಿಡುತ್ತಿದ್ದರಂತೆ. ಆ ತೊಲೆಗೂ ರಾಟೆಗೂ ಇದ್ದ ಹೆಸರು ‘ಮೇಖನೇ’.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಕೇಳಿ ಆಶ್ಚರ್ಯಪಡುತ್ತಿದ್ದರೇನೋ. ನನಗೆ ಹೆದರಿಕೆಯಾಯಿತು.

“ಹಗ್ಗ ಹರಿದ್ರೆ?” ಎಂದೆ.

ಮೇಷ್ಟ್ರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. “ಇಷ್ಟು ವರ್ಷ ಪಾಠ ಮಾಡಿದೀನಿ. ಒಬ್ಬರೂ ಈ ಪ್ರಶ್ನೆ ಕೇಳ್ಲಿಲ್ಲ” ಎಂದು ನಕ್ಕರು.

ನಾನು ನಗಲಿಲ್ಲ. ಯಾವುದು ಹರಿಯಬಾರದು, ಯಾವುದು ಹರಿಯಬೇಕು ಎನ್ನುವುದು ನಮ್ಮ ಮನೆಯಲ್ಲಿ ನಗುವ ವಿಷಯವಲ್ಲ. ಅದು ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಕೊಡಗು ಬೇರೆಯೇ ರಾಜ್ಯವಾಗಿತ್ತು. ಕುಶಾಲನಗರವನ್ನು ಜನ ಫ್ರೇಜರ್‌ಪೇಟೆ ಎನ್ನುತ್ತಿದ್ದರು. ಕಾವೇರಿಯ ಸೇತುವೆಯಿಂದ ಈಚೆಗೆ ಕೊಡಗು ರಾಜ್ಯ, ಆಚೆಗೆ ಮೈಸೂರು ರಾಜ್ಯ. ನಮ್ಮ ತಾತನ ಕಾಲದಲ್ಲೇ ಹಾಸನದ ಕಡೆಯಿಂದ ಬಂದು ಈಚೆ ದಡದಲ್ಲಿ ಗದ್ದೆ ಮಾಡಿಕೊಂಡವರು ನಾವು. ಅಪ್ಪನ ತಂಗಿ ನಿಂಗತ್ತೆಯನ್ನು ಕೊಟ್ಟಿದ್ದು ಆಚೆ ದಡಕ್ಕೆ. ಅವಳ ಊರು ಗಾಡಿಯಲ್ಲಿ ಹೊರಟರೆ ಊಟದ ಹೊತ್ತಿಗೆ ಸಿಗುವಷ್ಟು ದೂರ. ಆದರೂ ಅಜ್ಜಿ, ಅಂದರೆ ಅಪ್ಪನ ತಾಯಿ, “ನನ್ ಮಗ್ಳು ಬ್ಯಾರೆ ರಾಜ್ಯದಲ್ಲವಳೆ” ಎಂದು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ರಾಜ್ಯ ಬೇರೆ ಎಂಬುದರಿಂದ ನಿಂಗತ್ತೆಗೆ ಸಿಗುತ್ತಿದ್ದ ಮರ್ಯಾದೆಯೂ ಹೆಚ್ಚು, ಹೋಳಿಗೆಯೂ ಹೆಚ್ಚು.

ಆ ಕಾಲದಲ್ಲಿ ನಮ್ಮೂರಿಗೆ ಭತ್ತದ ಮಿಷನ್ ಬಂತು. ಅದಕ್ಕೆ ಮೊದಲು ಹೆಂಗಸರು ಒನಕೆಯಲ್ಲೇ ಕುಟ್ಟುತ್ತಿದ್ದರು. ಅವ್ವನ ಅಂಗೈ ಮುಟ್ಟಿದರೆ ಮರದ ತೊಗಟೆಯ ಹಾಗಿತ್ತು. ಮಿಷನ್ ಬಂದಾಗ ಅವಳು ಯಾರಿಗೂ ಕಾಣದ ಹಾಗೆ ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದಳು. ನಾನು ನೋಡಿದ್ದೆ.

ನನಗೆ ಮಾತ್ರ ಅದನ್ನು ಕಂಡರೆ ಜ್ವರ ಬರುತ್ತಿತ್ತು. ಒಂದು ಕೋಣೆಯಲ್ಲಿ ಎಣ್ಣೆಯ ಎಂಜಿನ್. ಅದರ ದೊಡ್ಡ ಚಕ್ರದಿಂದ ಅಗಲವಾದ ತೊಗಲಿನ ಪಟ್ಟಿಯೊಂದು ಗೋಡೆಯ ಕಂಡಿಯಲ್ಲಿ ನುಗ್ಗಿ ಪಕ್ಕದ ಕೋಣೆಗೆ ಬಂದು, ಅಲ್ಲಿ ನೆಲದ ಹತ್ತಿರ ಇದ್ದ ಉದ್ದನೆಯ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ಆ ಪಟ್ಟಿಯನ್ನು ಎಲ್ಲರೂ ಬೆಲ್ಟು ಎನ್ನುತ್ತಿದ್ದರು. ಅದು ಓಡುವಾಗ ಪಟ್ ಪಟ್ ಎಂದು ಹೊಡೆದುಕೊಳ್ಳುತ್ತಿತ್ತು. ಮೇಲಿನಿಂದ ಭತ್ತ ಸುರಿದರೆ ಒಂದು ಬಾಯಲ್ಲಿ ಅಕ್ಕಿ, ಇನ್ನೊಂದರಲ್ಲಿ ತೌಡು. ಹೊಸ ಮಿಷನ್ ಒಂದು ಬಲಿ ಕೇಳಿಯೇ ಕೇಳುತ್ತದೆ ಎಂದು ಓರಗೆಯ ಹುಡುಗಿಯರು ಹೇಳಿದ್ದರು. ಅದಕ್ಕೇ ಬೂದುಗುಂಬಳ ಒಡೆಯುವುದಂತೆ. ಕುಂಬಳಕಾಯಿಗೆ ಅದು ಸಮಾಧಾನವಾಗದಿದ್ದರೆ ಎಂಬುದು ನನ್ನ ಚಿಂತೆ. ನನ್ನ ನಡುಕ ನೋಡಲಾರದೆ ಅಜ್ಜಿ ತೋಳಿಗೊಂದು ತಾಯಿತ ಕಟ್ಟಿಸಿದರು. ಅದರೊಳಗಿನ ತಗಡಿನಲ್ಲಿ ಬರೆದದ್ದೂ ಒಂದು ಯಂತ್ರವೇ. ಯಂತ್ರದ ಹೆದರಿಕೆಗೆ ಯಂತ್ರ. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ತಲೆಯಾಡಿಸಿದರು.

ಮಿಷನ್ ನಡೆಸುತ್ತಿದ್ದವರು ಹಂಸ ಕಾಕ. ಮಲಬಾರಿನಿಂದ ಬಂದವರು. ಅವರಿಗೆ ಎಲ್ಲ ಭಾಷೆಯೂ ಬರುತ್ತಿತ್ತು, ಯಾವುದೂ ಪೂರ್ತಿ ಬರುತ್ತಿರಲಿಲ್ಲ. ಹೆಂಗಸರು ಒಳಗೆ ಬಂದರೆ ಬಾಗಿಲಲ್ಲೇ ತಡೆದು, “ಅಮ್ಮ, ಸೆರಗು ಕುತ್ತಿ ಬನ್ನಿ. ಬೆಲ್ಟಿಗೆ ಕಣ್ಣಿಲ್ಲ. ನಿಮಗೆ ಉಂಟಲ್ಲ” ಎನ್ನುತ್ತಿದ್ದರು. ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಹಾಗಾಗಿ ಎಷ್ಟೋ ದಿನ ಏನೂ ಆಗಲಿಲ್ಲ.

ಆ ವರ್ಷದ ನವರಾತ್ರಿಗೆ ಅಪ್ಪ ಅವ್ವನಿಗೆ ಸೀರೆ ತಂದರು. ಹಸಿರು ಮೈ, ಕೆಂಪು ಅಂಚು, ಗಟ್ಟಿ ನೂಲಿನ ಕೈಮಗ್ಗದ ಸೀರೆ. “ಆನೆ ಕಟ್ಟಿದ್ರೂ ಹರಿಯಾಕಿಲ್ಲ” ಎಂದು ಜಗ್ಗಿ ತೋರಿಸಿದರು. ಅವ್ವ ಅದನ್ನು ಮುಟ್ಟಿ ನೋಡಿ, ಕೈ ಒರಟು, ನೂಲು ಎದ್ದೀತು ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಆಯುಧಪೂಜೆಯ ಹಿಂದಿನ ಸಂಜೆ ನಿಂಗತ್ತೆ ಬಂದಳು. ಬೆಳಿಗ್ಗೆ ಅಜ್ಜಿ ಒಲೆಯ ಮುಂದೆ ಕುಳಿತಿದ್ದ ಅವ್ವನಿಗೆ ಹೇಳಿದರು.

“ಆ ಹಸ್ರು ಸೀರೆ ನಿಂಗಿಗೆ ಕೊಡು. ಬ್ಯಾರೆ ರಾಜ್ಯದಿಂದ ಬಂದವಳೆ. ಬರಿಗೈಲಿ ಕಳ್ಸಾಕಾಯ್ತದ?”

“ಹೂಂ ಅತ್ತೆಮ್ಮ.”

“ನಿಂಗೆ ಯುಗಾದಿಗಾಯ್ತು ಬುಡು.”

“ಹೂಂ.”

ನಿಂಗತ್ತೆ ಬೇಡವೆಂದಳು. ಅಜ್ಜಿ ಕೇಳಲಿಲ್ಲ. ಅವ್ವ ಸೀರೆಯನ್ನು ತಾನೇ ತಂದು ನಿಂಗತ್ತೆಯ ಮಡಿಲಿಗಿಟ್ಟು, ಒಲೆಯ ಹತ್ತಿರ ಹೋಗಿ ಊದುಗೊಳವೆ ಹಿಡಿದು ಬೆಂಕಿ ಊದಿದಳು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಆದರೂ ಊದುತ್ತಲೇ ಇದ್ದಳು. ಕಣ್ಣಲ್ಲಿ ನೀರು ಬಂದರೆ ಹೊಗೆ ಎನ್ನಬಹುದಲ್ಲ. ಆಮೇಲೆ ಪೆಟ್ಟಿಗೆಯಿಂದ ಹಳೆಯ ಹಳದಿ ಸೀರೆ ತೆಗೆದಳು. ಅದು ನನಗಿಂತ ಹಿರಿಯದು. ಎದುರಿಗೆ ಹಿಡಿದರೆ ಆಚೆಯ ಬಾಗಿಲು ಕಾಣುತ್ತಿತ್ತು. ಸೆರಗಿನ ಹತ್ತಿರ ಅವಳೇ ಹಾಕಿದ ಹೊಲಿಗೆಯ ಸಾಲು.

ನಮ್ಮಲ್ಲಿ ಪದ್ಧತಿ ಹೀಗಿತ್ತು. ಆಯುಧಪೂಜೆಯ ದಿನ ಮಿಷನ್ನನ್ನು ತೊಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡಿ ಸುಮ್ಮನೆ ಬಿಡುವುದು. ಆ ದಿನ ಅದನ್ನು ತಿರುಗಿಸುವಂತಿಲ್ಲ, ಅದಕ್ಕೂ ಒಂದು ದಿನದ ರಜ. ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ, ಪ್ರತಿ ಮನೆಯಿಂದ ಒಂದು ಬೊಗಸೆ ಭತ್ತ ತಂದು ಒಟ್ಟಿಗೆ ಸುರಿದು ಮಿಷನ್ ಶುರುಮಾಡುವುದು. ಬಂದ ಅಕ್ಕಿಯನ್ನು ಎಲ್ಲರೂ ಹಂಚಿಕೊಂಡು ಪಾಯಸ ಮಾಡುವುದು. ಪ್ರಸಾದದ ಅಕ್ಕಿಯಾದ್ದರಿಂದ ಸೆರಗನ್ನು ಸಿಕ್ಕಿಸಿಕೊಂಡು ನಿಲ್ಲುವುದು ಮರ್ಯಾದೆಯಲ್ಲ. ಎಲ್ಲರೂ ತಲೆಯ ಮೇಲಿನಿಂದ ಸೆರಗು ಹೊದ್ದು, ಗುಡಿಗೆ ಬಂದ ಹಾಗೆ ಬಂದಿದ್ದರು. ಅದೊಂದು ದಿನ ಹಂಸ ಕಾಕ ಕೂಡ ಬಾಗಿಲಲ್ಲಿ ತಡೆಯಲಿಲ್ಲ. ಚಪ್ಪಲಿ ಬಿಟ್ಟು, ತಲೆಗೆ ವಸ್ತ್ರ ಕಟ್ಟಿ, ತಾವೂ ಕೈಕಟ್ಟಿ ನಿಂತಿದ್ದರು. ನಿಂಗತ್ತೆ ಹಸಿರು ಸೀರೆಯಲ್ಲಿ, ಅವ್ವ ಹಳದಿ ಸೀರೆಯಲ್ಲಿ. ನಾನು ಅವ್ವನ ನೆರಿಗೆ ಹಿಡಿದುಕೊಂಡು.

ಶುರುಮಾಡುವ ಮೊದಲು ಕಾಕ ದಂಡದ ಮೇಲಿನ ಮಾಲೆ ತೆಗೆಯಲು ಬಗ್ಗಿದರು. ಅಜ್ಜಿ ಬೇಡವೆಂದರು.

“ಪೂಜೆ ಹೂವ ಬಾಡದೇ ಇರೋವಾಗ ತೆಗೀತಾರೇನಪ್ಪ. ಹಂಗೇ ತಿರುಗ್ಲಿ. ಚೆಂದಾಗಿರ್ತದೆ.”

“ಅಮ್ಮ, ಅದು ಸುತ್ತುತ್ತೆ, ಎಳೆಯುತ್ತೆ.”

“ಹೂವ ಏನ್ ಎಳ್ದಾತು.”

ಉಳಿದ ಹೆಂಗಸರೂ ಅಜ್ಜಿಯ ಜೊತೆಗೆ ಸೇರಿದರು. ಪೂಜೆ ನಮ್ಮದು, ಅದರ ನೇಮ ನಮಗೆ ಗೊತ್ತು ಎನ್ನುವ ಧಾಟಿ. ಬೇರೆ ಮತದ ಮನುಷ್ಯ, ಅದರ ಮೇಲೆ ಮಾತಾಡುವುದು ಹೇಗೆ. ಕಾಕ ಸುಮ್ಮನೆ ಎಂಜಿನ್ ಕೋಣೆಗೆ ಹೋದರು.

ಎಂಜಿನ್ ಕೆಮ್ಮಿತು, ಹಿಡಿಯಿತು. ದಂಡ ತಿರುಗಿತು. ಹೂವಿನ ಎಸಳುಗಳು ಎದ್ದು ಹಾರಿ ನಮ್ಮ ತಲೆಯ ಮೇಲೆಲ್ಲ ಬಿದ್ದವು. ಹೆಂಗಸರು ಸಂತೋಷದಿಂದ ಕೈ ಮುಗಿದರು. ಆ ಒಂದು ಕ್ಷಣ ನನಗೂ ಹೆದರಿಕೆ ಮರೆತುಹೋಗಿತ್ತು. ಅಷ್ಟರಲ್ಲಿ ಮಾಲೆಯ ದಾರ ತುಂಡಾಗಿ, ಒಂದು ಎಳೆ ಹೂವು ಜಾರಿ ಬೆಲ್ಟಿನ ಬುಡದಲ್ಲಿ ನೆಲಕ್ಕೆ ಬಿತ್ತು.

ಪೂಜೆಯ ಹೂವು ಕಾಲಡಿಗೆ ಬೀಳಬಾರದು. ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದು ಹಾಲಿನ ಜೊತೆಗೇ ಬಂದಿರುತ್ತದೆ. ನೆಲದಲ್ಲಿ ಹೂವು ಕಂಡರೆ ಕೈ ತಾನಾಗಿ ಬಗ್ಗುತ್ತದೆ. ಅವ್ವ ಬಗ್ಗಿದಳು. ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ತಲೆಯ ಮೇಲಿನ ಸೆರಗು ಜಾರಿ ದಂಡದ ಮೇಲೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

ನನಗೆ ಗೊತ್ತಾಯಿತು. ನನ್ನ ಕೈಯಲ್ಲಿದ್ದ ನೆರಿಗೆ ಯಾರೋ ಕಿತ್ತುಕೊಂಡ ಹಾಗೆ ಹೊರಟುಹೋಯಿತು.

ಅವ್ವ ಮಂಡಿಯ ಮೇಲೆ ಬಿದ್ದಳು. ದಂಡ ಸೀರೆಯನ್ನು ಸುತ್ತಿಕೊಳ್ಳುತ್ತ, ಸುತ್ತಿಕೊಳ್ಳುತ್ತ ಅವಳನ್ನು ಎಳೆದುಕೊಂಡಿತು. ಒಂದು ಕೈಯನ್ನು ನೆಲಕ್ಕೆ ಊರಿ ಹಿಂದಕ್ಕೆ ಒತ್ತುತ್ತಿದ್ದಳು. ಇನ್ನೊಂದು ಕೈ ಬಟ್ಟೆಯೊಂದಿಗೇ ಹೋಗುತ್ತಿತ್ತು. ಬಳೆ ಒಡೆಯಿತು. ಯಾರೋ ಕೂಗಿದರು, ನಾನೇ ಇರಬೇಕು. ಗೋಡೆಯ ಆಚೆಯಿಂದ “ಪಡಚ್ಚೋನೇ” ಎಂದು ದೇವರನ್ನು ಕರೆಯುವ ಕಾಕನ ದನಿ ಬಂತು. ಅವರು ಎಣ್ಣೆ ನಿಲ್ಲಿಸಿದರು. ಆದರೆ ಆ ಕಾಲದ ಎಂಜಿನ್ ಹೇಳಿದ ತಕ್ಷಣ ನಿಲ್ಲುವಂಥದಲ್ಲ. ದೊಡ್ಡ ಚಕ್ರ ತನ್ನ ಭಾರದಲ್ಲೇ ತಿರುಗುತ್ತದೆ. ಟುಕ್, ಟುಕ್ ಎಂದು ಕೆಮ್ಮುತ್ತ ಅದು ತಿರುಗುತ್ತಲೇ ಇತ್ತು. ಅವ್ವನ ಕೆನ್ನೆ ದಂಡದ ಹತ್ತಿರ ಹೋಗುವುದು ಕಾಣುತ್ತಿತ್ತು. ಕುಂಬಳಕಾಯಿ ಸಾಕಾಗಲಿಲ್ಲ ಎಂದು ನನಗೆ ಅನಿಸಿತು.

ಆಗ ಸೀರೆ ಹರಿಯಿತು.

ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪರ್ ಎಂದು, ಉದ್ದಕ್ಕೆ. ಅವ್ವ ಹಾಕಿದ್ದ ಹೊಲಿಗೆಯ ಸಾಲಿನಲ್ಲೇ ಬಿರಿದು, ಭುಜದಿಂದ ಸೊಂಟದವರೆಗೆ ಬಿಟ್ಟುಕೊಂಡಿತು. ಅವಳು ಹಿಂದಕ್ಕೆ ಭತ್ತದ ರಾಶಿಯ ಮೇಲೆ ಬಿದ್ದಳು. ಅರ್ಧ ಸೀರೆ ದಂಡದಲ್ಲಿ ಸುತ್ತಿಕೊಂಡು ಹಳದಿ ಕಂಬದ ಹಾಗೆ ತಿರುಗುತ್ತಿತ್ತು. ನಿಂಗತ್ತೆ ಓಡಿಬಂದು ತನ್ನ ಹಸಿರು ಸೆರಗನ್ನು ಬಿಡಿಸಿ ಅವ್ವನಿಗೆ ಹೊದಿಸಿ, ಒಂದೇ ಸೆರಗಿನಲ್ಲಿ ಇಬ್ಬರನ್ನೂ ಮುಚ್ಚಿಕೊಂಡು ಕುಳಿತಳು. ಎಂಜಿನ್ ಕೊನೆಯ ಸಲ ಕೆಮ್ಮಿ ನಿಂತಿತು. ಅವ್ವನ ಒಂದು ಮುಷ್ಟಿ ಇನ್ನೂ ಬಿಗಿಯಾಗಿತ್ತು. ಬಿಡಿಸಿ ನೋಡಿದರೆ ಒಳಗೆ ಹೂವು.

ಮೊಣಕೈ ತರಚಿತ್ತು, ಒಂದು ಬೆರಳು ಬಾತುಕೊಂಡಿತ್ತು. ಆ ಬೆರಳು ಕಡೆಯವರೆಗೂ ಸ್ವಲ್ಪ ಸೊಟ್ಟಗೇ ಇತ್ತು. ಅಷ್ಟೇ. ಅಷ್ಟೇ ಎಂದು ಬರೆಯುವಾಗಲೂ ನಾನು ಎದ್ದು ಹೋಗಿ ದೇವರಿಗೆ ಕೈ ಮುಗಿದು ಬಂದೆ.

ಮನೆಗೆ ಬಂದ ಮೇಲೆ ಅಪ್ಪ ಬಾಗಿಲಲ್ಲಿ ಕುಳಿತು, “ಸೀರೆ ಹಳೇದಾಗಿದ್ದುಕ್ಕೆ ಆಯ್ತು. ಹಸ್ರುದಾಗಿದ್ರೆ” ಎಂದು ಶುರುಮಾಡಿ ಮುಗಿಸಲಿಲ್ಲ. ಆನೆ ಕಟ್ಟಿದರೂ ಹರಿಯದ ಸೀರೆ ಎಂದವರು ಅವರೇ. ನಿಂಗತ್ತೆ ತಾನು ಉಟ್ಟಿದ್ದ ಸೀರೆಯನ್ನು ಹಾವು ನೋಡಿದ ಹಾಗೆ ನೋಡಿಕೊಂಡಳು. ದಂಡದ ಹತ್ತಿರ ಅವಳೂ ನಿಂತಿದ್ದಳಲ್ಲ.

ಅಜ್ಜಿ ಮಾತ್ರ ಹರಳೆಣ್ಣೆ ಬಿಸಿಮಾಡಿ ತಂದು ಅವ್ವನ ಬೆರಳಿಗೆ ಹಚ್ಚುತ್ತ, “ಅದ್ಕೇ ನಾನು ಹಸ್ರು ಸೀರೆ ನಿಂಗಿಗೆ ಕೊಡು ಅಂದಿದ್ದು” ಎಂದರು.

ಮನೆಯವರೆಲ್ಲ ಅವರನ್ನೇ ನೋಡಿದೆವು. ಅಜ್ಜಿಯ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಹೂವು ಹಾಗೇ ಇರಲಿ ಎಂದವರೂ ತಾವೇ ಎನ್ನುವುದು ಅವರಿಗೆ ನೆನಪಾದಂತೆ ಕಾಣಲಿಲ್ಲ. ಆದರೆ ಬೆರಳಿಗಿಂತ ನೆಲಕ್ಕೇ ಹೆಚ್ಚು ಎಣ್ಣೆ ಬೀಳುತ್ತಿತ್ತು.

“ಹೂಂ ಅತ್ತೆಮ್ಮ” ಎಂದಳು ಅವ್ವ. ಹೇಳಿ, ಹೇಗೋ ನಕ್ಕುಬಿಟ್ಟಳು. ನಗು ಬಂದ ಮೇಲೆಯೇ ಅಳು ಬಂದದ್ದು.

ಮೇಷ್ಟ್ರು ಉಪಾಯಕ್ಕೂ ಸಂಚಿಗೂ ಗ್ರೀಕರಲ್ಲಿ ಒಂದೇ ಮಾತಿತ್ತು ಎಂದಾಗ ನನಗೆ ನೆನಪಾದದ್ದು ಅಜ್ಜಿ. ಮಗಳಿಗಾಗಿ ಸೊಸೆಯ ಸೀರೆ ಕಿತ್ತುಕೊಂಡದ್ದು ಅವರ ಸಂಚೋ, ಅವರ ಕೈಯಿಂದ ದೇವರು ಮಾಡಿಸಿದ ಉಪಾಯವೋ? ಇಷ್ಟು ವಯಸ್ಸಾದರೂ ನನಗೆ ತೀರ್ಮಾನವಾಗಿಲ್ಲ. ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿದ ಗ್ರೀಕರ ಮನೆಯಲ್ಲೂ ಒಬ್ಬರು ಅತ್ತೆ ಇದ್ದಿರಬೇಕು. ನಮಗೆ ದೇವರು ಹಗ್ಗದಲ್ಲಿ ಇಳಿದು ಬರಲಿಲ್ಲ ಎಂಬುದಂತೂ ನಿಜ. ಅವನು ಎಷ್ಟೋ ವರ್ಷದಿಂದ ಅವ್ವನ ಮೈಮೇಲೆಯೇ ಸವೆಯುತ್ತಿದ್ದ. ಒಗೆದು ಒಗೆದು ತೆಳ್ಳಗಾಗುತ್ತಿದ್ದ. ಅವಳು ಅದನ್ನು ಬಡತನ ಅಂದುಕೊಂಡಿದ್ದಳು.

ಆಮೇಲೆ ಮಿಷನ್ನಿಗೆ ಹೋಗುವಾಗ ನಮ್ಮ ಕೇರಿಯ ಹೆಂಗಸರೆಲ್ಲ ಹೊಸ ಪದ್ಧತಿ ಹಿಡಿದರು. ಮಿಷನ್ ಮನೆಯ ಯಜಮಾನರು ಕೊಡವರು. ಅವರ ಹೆಂಡತಿ ಮನೆಮನೆಗೆ ಬಂದು ಕೊಡವರ ಹೆಂಗಸರ ಹಾಗೆ ಸೀರೆ ಉಡುವುದನ್ನು ತೋರಿಸಿಕೊಟ್ಟರು. ನೆರಿಗೆ ಹಿಂದಕ್ಕೆ, ಸೆರಗು ಎದೆಯ ಮೇಲಿಂದ ಬಿಗಿಯಾಗಿ ಬಂದು ಬಲಭುಜದಲ್ಲಿ ಗಂಟು. ಜೋತಾಡುವುದು ಒಂದು ಎಳೆಯೂ ಇಲ್ಲ. “ನಮ್ಮ ಹೆಂಗಸ್ರು ಹೀಗೆ ಉಟ್ಟೇ ಬೆಟ್ಟ ಹತ್ತೋದು, ಮಿಷನ್ ಏನು ಮಹಾ” ಎಂದರಂತೆ. ಮನೆಯಲ್ಲಿ ನಮ್ಮ ಉಡುಗೆ, ಮಿಷನ್ನಿಗೆ ಕೊಡವರ ಉಡುಗೆ. ಭತ್ತ ಹೊತ್ತು ಹೊರಟ ಹೆಂಗಸರನ್ನು ಹಿಂದಿನಿಂದ ನೋಡಿದರೆ ಯಾವ ಜನ ಎಂದೇ ತಿಳಿಯುತ್ತಿರಲಿಲ್ಲ. ಪೂಜೆಯ ಮಾಲೆಗಳನ್ನು ಮಾತ್ರ ಅಲ್ಲಿಂದ ಮುಂದೆ ಹಂಸ ಕಾಕ ಯಾರನ್ನೂ ಕೇಳದೆ ತೆಗೆದು, ಬಾಳೆಲೆಯಲ್ಲಿಟ್ಟು ಅಜ್ಜಿಯ ಕೈಗೇ ಕೊಡುತ್ತಿದ್ದರು. ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು.

ಹಸಿರು ಸೀರೆಯ ಕತೆ ಹೇಳದಿದ್ದರೆ ಇದು ಮುಗಿಯುವುದಿಲ್ಲ. ನಿಂಗತ್ತೆ ಹೊರಡುವಾಗ ಅದನ್ನು ಒಗೆದು ಮಡಚಿ ಅವ್ವನ ಪೆಟ್ಟಿಗೆಯ ಮೇಲಿಟ್ಟು ಹೋಗಿದ್ದಳು. ಅವ್ವ ಅದನ್ನು ಉಡಲಿಲ್ಲ. ಯಾರಿಗೂ ಕೊಡಲೂ ಇಲ್ಲ. ಹರಿಯದ ಬಟ್ಟೆ ಯಾರ ಮೈಮೇಲಿದ್ದರೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಮರುವರ್ಷ ನನ್ನ ತಮ್ಮ ಹುಟ್ಟಿದ. ಆಗ ಅವ್ವನೇ ಆ ಸೀರೆಯನ್ನು ತೆಗೆದು, ಎರಡು ಸಲ ಮಡಚಿ, ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಜೋಲಿ ಕಟ್ಟಿದಳು. ಕಟ್ಟಿದ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಜಗ್ಗಿ ನೋಡಿದಳು. ಹರಿಯಲಿಲ್ಲ. “ಇದು ಇರ್ಬೇಕಾದ ಜಾಗ ಇದು” ಎಂದಳು.

ಅದೇ ಸೀರೆಯ ಜೋಲಿಯಲ್ಲಿ, ನಾನು ಸೇರಿದ ಈ ಮನೆಯಲ್ಲಿ, ನನ್ನ ಮಗನೂ ಮಲಗಿದ. ಅವನ ಮಗಳು ಚೈತ್ರಳೂ ಮಲಗಿದಳು. ತೊಲೆ, ಹಗ್ಗ, ಕೆಳಗಿಳಿಯುವ ಪುಟ್ಟ ದೇವರು. ಮೇಷ್ಟ್ರು ಹೇಳಿದ ಗ್ರೀಕರ ಮಿಷನ್ ನಮ್ಮ ನಡುಮನೆಯಲ್ಲೇ ಇತ್ತು. ನನಗೆ ಹೆಸರು ಗೊತ್ತಿರಲಿಲ್ಲ ಅಷ್ಟೇ.

ಬಟ್ಟೆ ಅಂಗಡಿಯಿಂದ ಬಂದ ಸಂಜೆ ಚೈತ್ರಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಅವಳು ಮೊಬೈಲನ್ನು ಮಗುಚಿಟ್ಟು ಕೇಳಿದಳು. ಆಮೇಲೆ ಅವಳ ಮಾತು.

“ಸರಿ ಅಜ್ಜಿ. ಆದ್ರೆ ಹರಿಯೋ ವೇಲ್ ತಗೊಂಡು ಏನ್ಮಾಡ್ಲಿ. ಹರಿಯೋದ್ರೊಳಗೆ ನಾನು ಬಿದ್ದಿರ್ತೀನಿ.”

ಸರಿಯಾದ ಮಾತೇ. ನನ್ನ ಹೆದರಿಕೆ ಎಂಜಿನ್ನಿನ ಕಾಲದ್ದು. ಸ್ಕೂಟರಿನ ವೇಗ ಅದಕ್ಕೆ ಗೊತ್ತಿಲ್ಲ.

“ಹಂಗಾದ್ರೆ ಬಾ ಇಲ್ಲಿ” ಎಂದು ಎದ್ದು ನಿಲ್ಲಿಸಿ, ವೇಲನ್ನು ಎದೆಯ ಮೇಲಿಂದ ಬಿಗಿಯಾಗಿ ತಂದು, ತುದಿಗಳನ್ನು ಬಲಭುಜದಲ್ಲಿ ಸೇರಿಸಿ ಗಂಟು ಹಾಕಿದೆ. ಅವಳು ಕನ್ನಡಿ ನೋಡಿಕೊಂಡಳು.

“ಏನಜ್ಜಿ ಇದು, ನಾನೇನ್ ಕೊಡವರ ಮದುವೆಗೆ ಹೊರ್ಟಿದೀನಾ?”

“ಅಲ್ಲ, ಮಿಷನ್ನಿಗೆ.”

ಬೆಳಿಗ್ಗೆ ಅವಳು ಗಂಟು ಹಾಕಿಕೊಂಡೇ ಗೇಟು ದಾಟಿದಳು. ವೇಲು ಹಾರಲಿಲ್ಲ. ತಿರುವಿನ ಆಚೆ ಬಿಚ್ಚಿದಳೋ ಏನೋ, ನನಗೆ ತಿಳಿಯದು. ಅಷ್ಟು ದೂರ ನನ್ನ ಕಣ್ಣು ಹೋಗುವುದಿಲ್ಲ, ಕಿವಿಗೆ ಗಂಟು ಕೇಳಿಸುವುದಿಲ್ಲ. ಹಾಗಾಗಿ ಹಗಲಿಡೀ ಹೆದರಿಕೆ ಇದ್ದೇ ಇರುತ್ತದೆ. ಅದರ ಜೊತೆಯಲ್ಲೇ ಸಾರು ಮಾಡುತ್ತೇನೆ, ಹೂವು ಕಟ್ಟುತ್ತೇನೆ.

ನಮ್ಮ ನಡುಮನೆಯಲ್ಲಿ ಜೋಲಿ ಕಟ್ಟಲು ಹಗ್ಗದ ಬದಲು ಆಮೇಲೆ ಹಾಕಿಸಿದ ಸರಪಳಿ ಇನ್ನೂ ತೊಲೆಯಿಂದ ಇಳಿಬಿದ್ದಿದೆ. ಓಡಾಡುವವರ ತಲೆಗೆ ಬಡಿಯುತ್ತದೆಂದು ಮಗ ಎಷ್ಟೋ ಸಲ ತೆಗೆಯಲು ಹೊರಟ, ನಾನು ಬಿಟ್ಟಿಲ್ಲ. ಸ್ಕೂಟರ್ ಬಂದಾಗಿನಿಂದ ಚೈತ್ರ ಸಂಜೆ ಬಂದವಳೇ ಹೆಲ್ಮೆಟ್ಟನ್ನು ಅದರ ಕೊಂಡಿಗೆ ನೇತುಹಾಕುತ್ತಾಳೆ. ಹಿಂದೆ ಜೋಲಿ ತೂಗುತ್ತಿದ್ದ ಜಾಗದಲ್ಲಿ ಅದು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತೂಗಾಡುತ್ತದೆ. ನಾನು ಬತ್ತಿ ಹೊಸೆದು, ಎಣ್ಣೆ ಹಾಕಿ, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ದೇವರ ಮುಂದೆ ಕುಳಿತಿರುತ್ತೇನೆ. ಸರಪಳಿ ಕಿರ್ ಎಂದ ಮೇಲೆ ದೀಪ ಹಚ್ಚುತ್ತೇನೆ.